ನಿವೃತ್ತಿ ಆದ ಮೇಲೆ ಬೇರೆ ದೇಶಕ್ಕೆ: ಮನೆ ಸಾಮಾನು ಕೊಂಡೊಯ್ಯಬೇಕಾ, ಬಿಡಬೇಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 61, ನಮ್ಮ ಮನೆಯವರಿಗೆ 64. ಮುಂದಿನ ವರ್ಷ ಮಗಳಿರುವ ದೇಶಕ್ಕೆ ಹೋಗಿ ಅಲ್ಲೇ ಇರುವುದು ಅಂತ ತೀರ್ಮಾನ ಆಗಿದೆ. ಯುರೋಪ್ ಒಕ್ಕೂಟದ ದೇಶ ಅದು. 34 ವರ್ಷದ ಸಂಸಾರ, ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ಅಪ್ಪನ ಬೀಟೆ ಮರದ ಮೇಜು, ನನ್ನ ಹೊಲಿಗೆ ಯಂತ್ರ, 400 ಪುಸ್ತಕ, ಇಷ್ಟಂತೂ ಬೇಕೇ ಬೇಕು. ಫ್ರಿಜ್, ವಾಷಿಂಗ್ ಮಷಿನ್ ಕೂಡ ಒಯ್ಯೋಣ ಅಂತಾರೆ ಇವರು. ಎಲ್ಲದಕ್ಕೂ ಸುಂಕ ಕಟ್ಟಬೇಕಾ? ಹೊಸ ಟಿವಿ ಇಲ್ಲೇ ಕೊಂಡು ಜೊತೆಗೇ ಕಳಿಸಿದರೆ ನಡೆಯುತ್ತದಾ?

ಉತ್ತರ 1

ಫ್ರಿಜ್, ವಾಷಿಂಗ್ ಮಷಿನ್ ಬಿಟ್ಟುಬಿಡಿ ಮೇಡಂ. ಜಾಗ ಜಾಸ್ತಿ ತಿನ್ನುತ್ತವೆ. ಕೆಟ್ಟರೆ ಅಲ್ಲಿ ಬಿಡಿಭಾಗವೂ ಸಿಗದೆ ಹೋಗಬಹುದು. ಹೊಲಿಗೆ ಯಂತ್ರದ ಹಿಂದಿನ ಚೀಟಿ ನೋಡಿ. 230 ವೋಲ್ಟ್, 50 ಹರ್ಟ್ಸ್ ಅಂತಿದ್ದರೆ ಪ್ಲಗ್ ಬದಲಿಸಿದರೆ ಸಾಕು. 120 ವೋಲ್ಟ್, 60 ಹರ್ಟ್ಸ್ ಇದ್ದರೆ ಯೋಚನೆ ಮಾಡಿ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಬದಲಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ.

ಉತ್ತರ 2

ಮೇಡಂ, ನಾವಿಬ್ಬರೂ ನಾಲ್ಕು ವರ್ಷದ ಹಿಂದೆ ಹೀಗೇ ಬಂದವರು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ವಾಸದ ಪರವಾನಗಿ ಕೈಗೆ ಬರುವವರೆಗೂ ಸಾಮಾನನ್ನು ಹಡಗಿಗೆ ಹತ್ತಿಸಬೇಡಿ.

ನಮ್ಮದು 20 ಅಡಿಯ ಕಂಟೇನರ್, 118 ಡಬ್ಬ. ಹಡಗು ಹೇಳಿದ ದಿನಕ್ಕೇ ಬಂತು, ಕಾಗದ ಬರಲಿಲ್ಲ. ಬಂದರಿನಲ್ಲಿ ಮೊದಲ ಕೆಲವು ದಿನ ಬಾಡಿಗೆ ಇಲ್ಲ, ಆಮೇಲೆ ದಿನದ ಲೆಕ್ಕ. ಜಾಗಕ್ಕೆ ಬೇರೆ, ಕಂಟೇನರ್‌ಗೆ ಬೇರೆ. ನನ್ನ ಹೆಂಡತಿ ದಿನಾ ಬೆಳಗ್ಗೆ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆಯುತ್ತಿದ್ದಳು. 36 ಗೆರೆ ಆದವು. ನಾವು ಕಟ್ಟಿದ ಹಣದಲ್ಲಿ ಮನೆಗೆ ಬೇಕಾದ ಮಂಚ, ಸೋಫಾ ಎಲ್ಲ ಹೊಸದೇ ಬರುತ್ತಿತ್ತು. ನೆಲೆಸುವ ಮೊದಲೇ ಸಾಮಾನು ತರಿಸಲು ಅವಕಾಶ ಇದೆ. ಆರು ತಿಂಗಳೊಳಗೆ ಬಂದು ನೆಲೆಸುತ್ತೇನೆ ಅಂತ ಬರೆದುಕೊಟ್ಟು, ಜಾಮೀನು ಇಡಬೇಕು. ನಮಗೆ ಅದನ್ನು ಯಾರೂ ಹೇಳಿರಲಿಲ್ಲ.

ಸುಂಕದ ವಿಷಯ. ಒಕ್ಕೂಟದ ಹೊರಗೆ ಕನಿಷ್ಠ 12 ತಿಂಗಳು ವಾಸ ಇದ್ದವರು, ಕನಿಷ್ಠ ಆರು ತಿಂಗಳು ಬಳಸಿದ ಸಾಮಾನನ್ನು, ನೆಲೆಸಿದ 12 ತಿಂಗಳೊಳಗೆ ತಂದರೆ ಸುಂಕ ಇಲ್ಲ. ಮದ್ಯ, ತಂಬಾಕಿಗೆ ಈ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ಹೊರಡುವ ಹೊತ್ತಿಗೆ ಕೊಂಡ ಟಿವಿ ಬೇಡ. ತಂದ ಮೇಲೆ ಒಂದು ವರ್ಷ ಕಸ್ಟಮ್ಸ್‌ಗೆ ತಿಳಿಸದೆ ಯಾವುದನ್ನೂ ಮಾರುವ ಹಾಗಿಲ್ಲ, ಬಾಡಿಗೆಗೂ ಕೊಡುವ ಹಾಗಿಲ್ಲ.

ಇನ್ನು ಪಟ್ಟಿ. ಇದಕ್ಕೆ ಒಂದು ವಾರ ಕೊಡಿ. ನಮ್ಮ 41ನೇ ಡಬ್ಬದ ಮುಂದೆ ಪ್ಯಾಕಿಂಗ್ ಹುಡುಗರು ‘ಇತರೆ’ ಅಂತ ಬರೆದಿದ್ದರು. ಕಸ್ಟಮ್ಸ್‌ನವರು ಮೊದಲು ತೆರೆದದ್ದು ಅದನ್ನೇ. ಗೋಡೆ ಗಡಿಯಾರ, ಫೋಟೋ ಫ್ರೇಮು, ಅವುಗಳ ಮಧ್ಯೆ ಟವೆಲ್‌ನಲ್ಲಿ ಸುತ್ತಿದ್ದ ಒಂದು ಪವರ್ ಬ್ಯಾಂಕ್. ಬೆಂಕಿ ಹತ್ತಬಹುದಾದ ಲಿಥಿಯಂ ಬ್ಯಾಟರಿ ಅದರಲ್ಲಿ ಇರುತ್ತದೆ. ಅದು ಸಿಕ್ಕಿದ ಮೇಲೆ ಇನ್ನೂ ಒಂಬತ್ತು ಡಬ್ಬ ಒಡೆದರು. ಪ್ರತಿ ಡಬ್ಬದಲ್ಲಿ ಏನಿದೆ, ಎಷ್ಟಿದೆ, ಹಳೆಯದಾ, ಬೆಲೆ ಅಂದಾಜು ಎಷ್ಟು, ನೀವೇ ಕೂತು ಬರೆಯಿರಿ. ಡಬ್ಬ ತುಂಬುವಾಗ ಪಕ್ಕದಲ್ಲೇ ಇರಿ.

ಉತ್ತರ 3

ಅಕ್ಕಾ, ಆ ಮೇಜಿನ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ಮುಖ್ಯ ಅನಿಸಿತು. ಬೀಟೆ ಮರದ ಜಾತಿ ಪೂರ್ತಿ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಅಳಿವಿನ ಭಯ ಇರುವ ಗಿಡಮರ, ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದನ್ನು ನಿಯಂತ್ರಿಸುವ ಒಪ್ಪಂದ ಅದು. ಮನೆ ಬಳಕೆಯ ವಸ್ತುವಿಗೆ ರಿಯಾಯಿತಿ ಇರಬಹುದು, ಆದರೆ ದೇಶ ದೇಶಕ್ಕೆ ಬೇರೆ. ಹೊರಡುವ ದೇಶ, ಸೇರುವ ದೇಶ, ಎರಡೂ ಕಡೆಯ ಸೈಟಿಸ್ ಕಚೇರಿಯಲ್ಲಿ ಮೊದಲೇ ಬರಹದಲ್ಲಿ ಕೇಳಿ. ಮೇಜಿಗೆ ಮರದ ಪೆಟ್ಟಿಗೆ ಮಾಡಿಸಿದರೆ ಅದರ ಮೇಲೆ ತೆನೆ ಚಿತ್ರದ ಮುದ್ರೆ, ಪಕ್ಕದಲ್ಲಿ ಎಚ್‌ಟಿ ಅನ್ನುವ ಅಕ್ಷರ ಇದೆಯಾ ನೋಡಿ. ಹುಳ ಸಾಯಲಿ ಅಂತ ಮರದ ಒಳಭಾಗವನ್ನೂ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಾರೆ ಅಂತ ಅರ್ಥ.

ಕಂಟೇನರ್ ಒಳಗೆ ಹಗಲು ಬಿಸಿ, ರಾತ್ರಿ ತಂಪು. ಮೇಲ್ಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ನನ್ನ ಕಪಾಟಿನ ಡ್ರಾಯರ್ ಎಳೆದಾಗ ಮೂಲೆಯಲ್ಲಿ ಬಿಳಿ ಬೂಷ್ಟು ಹತ್ತಿಯ ಹಾಗೆ ಕೂತಿತ್ತು. ತೇವ ಹೀರುವ ಚೀಲ ಜಾಸ್ತಿ ಹಾಕಿಸಿ, ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ.

ವಿಮೆ ಬೇಡ ಅನ್ನಬೇಡಿ. ‘ಜನರಲ್ ಆವರೇಜ್’ ಅಂತ ಒಂದಿದೆ. ಹಡಗನ್ನು ಅಪಾಯದಿಂದ ಉಳಿಸಲು ಆದ ಖರ್ಚನ್ನು ಸರಕಿನವರೆಲ್ಲ ಹಂಚಿಕೊಳ್ಳಬೇಕು. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನಲ್ಲಿ ಹಾಗೇ ಆಯಿತು. ಇದೂ ಸೇರಿದೆಯಾ ಅಂತ ಪಾಲಿಸಿಯಲ್ಲಿ ನೋಡಿ.

ಪ್ರಶ್ನೆ ಕೇಳಿದವರು

ನಿಮಗೆಲ್ಲ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಫ್ರಿಜ್ ಬಿಡಲು ಇವರು ಒಪ್ಪಿದರು. ಇವತ್ತು ಮೇಜಿನ ಡ್ರಾಯರ್‌ಗಳನ್ನು ಖಾಲಿ ಮಾಡಿದೆವು. ಕೆಳಗಿನದರ ತಳದಲ್ಲಿ ಹಾಸಿದ್ದ ಕಾಗದದ ಅಡಿ ಬಡಗಿ ಕೊಟ್ಟ ರಸೀದಿ ಸಿಕ್ಕಿತು. 1971, ಬೀಟೆ ಮರದ ಮೇಜು ಒಂದು, ಕೆಳಗೆ ಅಪ್ಪನ ಹೆಸರು. ಇದು ಉಪಯೋಗಕ್ಕೆ ಬರುತ್ತದಾ?

ಉತ್ತರ 3

ಬರುತ್ತದೆ ಅಕ್ಕಾ! ಮೇಜು 2017ಕ್ಕಿಂತ ಹಳೆಯದು ಅನ್ನಲು ಇದಕ್ಕಿಂತ ಒಳ್ಳೆಯ ಕಾಗದ ಎಲ್ಲಿ ಸಿಗುತ್ತದೆ. ಕಚೇರಿಗೆ ಬರೆಯುವಾಗ ಇದರ ಪ್ರತಿ, ಮೇಜಿನ ನಾಲ್ಕೂ ಕಡೆಯ ಫೋಟೋ ಸೇರಿಸಿ. ಮೂಲ ರಸೀದಿಯನ್ನು ಯಾವ ಡಬ್ಬಕ್ಕೂ ಹಾಕಬೇಡಿ, ಪಾಸ್‌ಪೋರ್ಟ್ ಜೊತೆ ನಿಮ್ಮ ಕೈಚೀಲದಲ್ಲೇ ಇರಲಿ.