ಅಪ್ಪ ಬೆತ್ತ ಅನ್ನುತ್ತಾರೆ, ಅಜ್ಜಿ ಮೊಬೈಲ್ ಕೊಡುತ್ತಾರೆ, ನಡುವೆ ನಾನು

ಧಾರವಾಡದ ಅಮ್ಮ:
ಎಲ್ಲರಿಗೂ ವಂದನೆ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕ್ರೈಸ್ತರು. ಮಗ ಎರಡನೇ ಕ್ಲಾಸು, ಮಗಳಿಗೆ ಮೂರು ವರ್ಷ. ಮಗನ ಕೈಯಿಂದ ಸಂಜೆ ಮೊಬೈಲ್ ತೆಗೆದುಕೊಂಡರೆ ಸಾಕು, ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಸಿಟ್ಟು ತೀರದಿದ್ದರೆ ತಂಗಿಯನ್ನು ಚಿವುಟುತ್ತಾನೆ.

ನಾನು ಅರ್ಧ ಗಂಟೆ ಅಂತ ಹೇಳಿರುತ್ತೇನೆ. ಅತ್ತೆ ಅಡುಗೆಮನೆಯಿಂದಲೇ "ಪಾಪ ಕೂಸು, ಇನ್ನೊಂಚೂರು ನೋಡ್ಲಿ ಬಿಡವ್ವಾ" ಅನ್ನುತ್ತಾರೆ. ಯಜಮಾನರು ಡ್ಯೂಟಿ ಮುಗಿಸಿ ಸುಸ್ತಾಗಿ ಬಂದ ದಿನ ಅದೇ ತಪ್ಪಿಗೆ ಸ್ಕೇಲಿನಿಂದ ಎರಡು ಬಾರಿಸುತ್ತಾರೆ. ಖುಷಿಯಲ್ಲಿದ್ದ ದಿನ ನಕ್ಕು ಸುಮ್ಮನಾಗುತ್ತಾರೆ. ಕೇಳಿದರೆ ಬೈಬಲಿನ ಜ್ಞಾನೋಕ್ತಿ 13:24 ತೆಗೆಯುತ್ತಾರೆ, ಬೆತ್ತ ಹಿಡಿಯದ ಅಪ್ಪ ಮಗನಿಗೆ ಶತ್ರು ಅಂತ. ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಅಂತ ಎಫೆಸ 6:4ರಲ್ಲಿ ಇದೆಯಲ್ಲ ಅಂತ ನಾನು ತೋರಿಸುತ್ತೇನೆ. ನಾವಿಬ್ಬರೂ ವಚನ ಹಿಡಿದು ಜಗಳ ಆಡುವುದು, ಮಗ ಬಾಗಿಲ ಸಂದಿಯಲ್ಲಿ ನಿಂತು ಕೇಳುವುದು!

ಹೊಡೆಯದೆ ಮಕ್ಕಳನ್ನು ಹಿಡಿತದಲ್ಲಿ ಇಡಬಹುದಾ? ಅತ್ತೆಗೆ ಬೇಜಾರಾಗದ ಹಾಗೆ ಹೇಗೆ ಹೇಳುವುದು? ಪ್ರಾರ್ಥನೆ ಮಾಡಿ ಅಂತ ಮಾತ್ರ ಬರೆಯಬೇಡಿ, ಅದು ದಿನಾ ನಡೆದೇ ಇದೆ.

ಹಳೇ ಸಂಡೇಸ್ಕೂಲ್ ಟೀಚರ್:
ತಂಗೀ, ಆ ಎರಡು ವಚನ ಸ್ವಲ್ಪ ಬದಿಗಿಡಿ. ಇಬ್ಬರೂ ಕೂತು 1 ಸಮುವೇಲ ಓದಿ. ಯಾಜಕ ಏಲಿ ದಾರಿ ತಪ್ಪಿದ ತನ್ನ ಮಕ್ಕಳಿಗೆ ಏನೂ ಅನ್ನಲಿಲ್ಲ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. 2ನೇ ಅಧ್ಯಾಯದಲ್ಲಿ ಚೆನ್ನಾಗಿಯೇ ಬುದ್ಧಿ ಹೇಳಿದ್ದಾನೆ. ಆದರೆ ಹೇಳಿ ಬಿಟ್ಟುಬಿಟ್ಟ. ಆ ಮಕ್ಕಳು ಯಾಜಕರ ಕೆಲಸದಲ್ಲೇ ಮುಂದುವರಿದರು. 3:13ರಲ್ಲಿ ದೇವರ ದೂರು ಅದೇ, ಗೊತ್ತಿದ್ದೂ ತಡೆಯಲಿಲ್ಲ ಅಂತ. ಅವನ ಮಕ್ಕಳು ದೊಡ್ಡವರು, ನಿಮ್ಮವನು ಸಣ್ಣವನು, ಸರಿ. ಆದರೂ ನಿಮ್ಮ ಮನೆಯ ಕಥೆ ಇದೇ ಅಲ್ವಾ? ಮಾತು ಜಾಸ್ತಿ, ಹೇಳಿದ್ದು ನಡೆಯುವುದು ಕಡಿಮೆ.

ಅಲಾರಂ ಇಡಿ. ಅದು ಹೊಡೆದ ಕೂಡಲೇ ಫೋನ್ ಬೀರುವಿಗೆ ಹೋಗಲಿ. ಹೊರಳಾಡಿದರೆ ಪಕ್ಕದಲ್ಲೇ ಕೂತಿರಿ, ಭಾಷಣ ಬೇಡ. ಮೊದಮೊದಲು ಅಳು ಜಾಸ್ತಿಯೇ ಆಗುತ್ತದೆ. ಇಷ್ಟು ದಿನ ಅತ್ತರೆ ಸಿಗುತ್ತಿತ್ತು, ಈಗ ಇನ್ನೂ ಜೋರಾಗಿ ಅತ್ತು ನೋಡುತ್ತಾನೆ. ಐದು ಸಲ ಇಲ್ಲ ಅಂದು ಆರನೇ ಸಲ ಕೊಟ್ಟರೆ, ಆರು ಸಲ ಅಳಬೇಕು ಅಂತ ಕಲಿಯುತ್ತಾನೆ, ಅಷ್ಟೇ. ತಂಗಿಯನ್ನು ಚಿವುಟುವುದು ಬೇರೆ ವಿಷಯ. ಅಲ್ಲಿ ಅಲಾರಂಗೆ ಕಾಯಬೇಡಿ, ತಕ್ಷಣ ಕೈ ಹಿಡಿದು ದೂರ ಕೂರಿಸಿ.

ಗದಗದ ಅಣ್ಣ:
ನಾವೆಲ್ಲ ಪೆಟ್ಟು ತಿಂದೇ ಬೆಳೆದವರು. ಏನಾಗಿದೆ ನಮಗೆ? ಈಗಿನವರು ಎಲ್ಲಕ್ಕೂ ಹೆದರುತ್ತಾರೆ.

ಮಂಗಳೂರಿನ ಅಪ್ಪ:
ಗದಗದ ಅಣ್ಣ, ನಾನೂ ತಿಂದಿದ್ದೇನೆ. ಪೆಟ್ಟು ನೆನಪಿದೆ, ಯಾವ ತಪ್ಪಿಗೆ ಅನ್ನುವುದು ಮರೆತುಹೋಗಿದೆ! ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಟೀಚರ್ ಹೊಡೆಯದೆ ನಲವತ್ತು ಮಕ್ಕಳನ್ನು ನೋಡಿಕೊಳ್ಳಬೇಕು, ನಮಗೆ ಇಬ್ಬರನ್ನು ಆಗುವುದಿಲ್ಲವಾ?

ಅಕ್ಕಾ, ನಿಮ್ಮ ಯಜಮಾನರಿಗೆ ಕೊಲೊಸ್ಸೆ 3:21 ತೋರಿಸಿ. ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಗ್ಗುತ್ತದೆ ಅಂತ ಅಲ್ಲಿ ಹೇಳಿರುವುದು ತಂದೆಯರಿಗೇ. ನನ್ನ ಪ್ರಕಾರ ಸ್ಕೇಲಿಗಿಂತ ದೊಡ್ಡ ತೊಂದರೆ, ಇವತ್ತು ನಗು ನಾಳೆ ಪೆಟ್ಟು ಅನ್ನುವುದು. ಹುಡುಗ ತಪ್ಪು ಯಾವುದು ಅಂತ ಕಲಿಯುವುದಿಲ್ಲ, ಅಪ್ಪನ ಮುಖ ನೋಡಿ ಲೆಕ್ಕ ಹಾಕುವುದನ್ನು ಕಲಿಯುತ್ತಾನೆ.

ನಾವು ಕೆಥೊಲಿಕರು. ರಾತ್ರಿ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ ಬಂದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಪದ್ಧತಿ ನಮ್ಮಲ್ಲಿದೆ. ಸಂಜೆ ಎಷ್ಟೇ ಗಲಾಟೆ ಆಗಿರಲಿ, ಆಗ ತಲೆ ಮೇಲೆ ಕೈ ಇಡಲೇಬೇಕು. ಅಲ್ಲಿಗೆ ಆ ದಿನದ ತಪ್ಪು ಮುಗಿಯಿತು. ಮರುದಿನ ತಿಂಡಿ ಹೊತ್ತಿಗೆ ಅದನ್ನು ಎತ್ತುವ ಹಾಗಿಲ್ಲ. ನಿಮ್ಮ ಕುಟುಂಬ ಪ್ರಾರ್ಥನೆಯಲ್ಲೂ ಇದನ್ನು ಸೇರಿಸಬಹುದು.

ಇಬ್ಬರು ಮಕ್ಕಳ ತಾಯಿ:
ಅತ್ತೆ ವಿಷಯಕ್ಕೆ ಒಂದು ಮಾತು. ಬೀರುವಿನ ಕೀ ಅವರ ಕೈಗೇ ಕೊಟ್ಟುಬಿಡಿ. "ನನ್ನ ಮಾತು ಕೇಳುತ್ತಿಲ್ಲ, ನೀವೇ ನೋಡಿಕೊಳ್ಳಿ ಅತ್ತೆ" ಅನ್ನಿ. ಬೇಡ ಅನ್ನುವ ಕೆಲಸ ಸೊಸೆಗೆ, ಮುದ್ದು ಮಾಡುವ ಕೆಲಸ ಅಜ್ಜಿಗೆ ಅಂತ ಹಂಚಿಕೆ ಆಗಿರುವುದರಿಂದಲೇ ಇಷ್ಟೆಲ್ಲ. ಫೋನ್ ಒಳಗೆ ಹೋದ ಮೇಲೆ ಅವರೇ ದಾವೀದ-ಗೊಲ್ಯಾತನ ಕಥೆ ಹೇಳಲಿ. ಸುಮ್ನೆ ಕಸಿದುಕೊಂಡರೆ ಆ ಅರ್ಧ ಗಂಟೆ ಹುಡುಗ ಏನು ಮಾಡಬೇಕು?

ಧಾರವಾಡದ ಅಮ್ಮ:
ತುಂಬಾ ಥ್ಯಾಂಕ್ಸ್. ಯಜಮಾನರಿಗೆ ಎಲ್ಲವನ್ನೂ ಓದಿ ಹೇಳಿದೆ. ಸ್ಕೇಲ್ ಬಿಡುತ್ತೇನೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಏಲಿಯ ಭಾಗ ಎರಡು ಸಲ ಓದಿಸಿಕೊಂಡರು. ಬೆಸಾಂವ್ ಅತ್ತೆಗೆ ತುಂಬಾ ಹಿಡಿಸಿತು. ಕೀ ಈಗ ಅವರ ಸೆರಗಿನ ಗಂಟಿನಲ್ಲಿದೆ. ಮಗ ಅವರ ಮೇಲೂ ಸಿಟ್ಟಾಗಿದ್ದಾನೆ, ಸದ್ಯಕ್ಕೆ ನಾನೊಬ್ಬಳೇ ಕೆಟ್ಟವಳಲ್ಲ!

ಇನ್ನೊಂದು ಕೇಳಬೇಕು. ಮೇ ರಜೆಯಲ್ಲಿ ತವರಿಗೆ ಹೋಗುತ್ತೇವೆ. ಅಲ್ಲಿ ನನ್ನ ತಮ್ಮಂದಿರು ಮೂವರು, ಮೂವರ ಕೈಯಲ್ಲೂ ಫೋನ್. ಅಲ್ಲಿ ಇದೆಲ್ಲ ಹೇಗೆ ನಡೆಸುವುದು?