ಮ್ಯೂಆನ್ ಆಯುಷ್ಯ 2.2 ಮೈಕ್ರೋಸೆಕೆಂಡ್, ಹಂಗಾದ್ರ ನೆಲದ ತನಕ ಹೆಂಗ ಬರ್ತದ?

ಸೇಡಂ ಟೀಚರ್:
ಎಲ್ಲರಿಗೂ ನಮಸ್ಕಾರ್ರಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕ ಶಾಲಿಯಾಗ ಕ್ಲೌಡ್ ಚೇಂಬರ್ (ಕಣ ಹಾದ ದಾರಿ ಗೆರಿಯಾಗಿ ತೋರಿಸೋ ಡಬ್ಬಿ) ತೋರಿಸಬೇಕಂತ ಅದ. ಮೂರು ಪ್ರಶ್ನೆ ಅವ. ಮ್ಯೂಆನ್ ಅಂದ್ರ ಮ್ಯಾಲ ವಾತಾವರಣದಾಗ ಹುಟ್ಟಿ ಬರೋ, ಎಲೆಕ್ಟ್ರಾನಿನಂಥದೇ ಆದ್ರ ಭಾರದ ಕಣ. ಅದು ಬೆಳಕಿನ ವೇಗದಾಗ ಓಡಿದ್ರೂ 2.2 ಮೈಕ್ರೋಸೆಕೆಂಡಿಗೆ 660 ಮೀಟರ್ ಅಷ್ಟೇ ಆಗ್ತದ. 15 ಕಿ.ಮೀ. ಮ್ಯಾಲ ಹುಟ್ಟಿದ ಮ್ಯೂಆನ್ ನೆಲ ಹೆಂಗ ಮುಟ್ತದ? ಅದು ಒಡೆದ್ರ ಎಲೆಕ್ಟ್ರಾನ್ ಬರ್ತದ ಅಂತಾರ. ಅಂದ್ರ ಎಲೆಕ್ಟ್ರಾನ್ ಮೊದಲೇ ಅದರ ಒಳಗ ಇರ್ತದೇನು? ಮತ್ತ, ನಮ್ಮ ಡಬ್ಬಿಯಾಗ ಬರೀ ಮಂಜು ಕಾಣ್ತದ, ಒಂದು ಗೆರಿನೂ ಇಲ್ಲ. ಮೆಡಿಕಲ್ ಅಂಗಡಿಯ 70% ಐಸೋಪ್ರೊಪೈಲ್ ಆಲ್ಕೋಹಾಲ್, ತೆಳಗ ಐಸ್ ಮತ್ತ ಉಪ್ಪು ಇಟ್ಟೀವಿ. ತಪ್ಪು ಎಲ್ಲದ?

ಬೀದರ್ ಫಿಸಿಕ್ಸ್:
ಟೀಚರ್, ನಿಮ್ಮ 660 ಮೀಟರ್ ಗುಣಾಕಾರ ಸರಿಯಾಗಿದೆ. ಆದರೆ 2.2 ಮೈಕ್ರೋಸೆಕೆಂಡ್ ಅನ್ನುವುದು ಮ್ಯೂಆನ್ ತನ್ನ ಜೊತೆ ಹೊತ್ತ ಗಡಿಯಾರದ ಸಮಯ. ಓಡುವ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ. ಎಷ್ಟು ನಿಧಾನ ಎಂದು ತಿಳಿಯಲು ಅದರ ಒಟ್ಟು ಶಕ್ತಿಯನ್ನು ನಿಶ್ಚಲ ಶಕ್ತಿಯಿಂದ (ನಿಂತಾಗಲೂ ಅದರ ದ್ರವ್ಯರಾಶಿಯಲ್ಲಿರುವ ಶಕ್ತಿ) ಭಾಗಿಸಿದರೆ ಸಾಕು. ಹುಟ್ಟುವಾಗ 6000 ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ) ಇದ್ದ ಮ್ಯೂಆನ್ ತೆಗೆದುಕೊಳ್ಳಿ. ನಿಶ್ಚಲ ಶಕ್ತಿ 106 ಎಂಇವಿ. ಭಾಗಿಸಿದರೆ ಸುಮಾರು 57 ಬರುತ್ತದೆ. 660ನ್ನು 57ರಿಂದ ಗುಣಿಸಿ, 37 ಕಿ.ಮೀ. ಆಯಿತು. ಗಾಳಿಯಲ್ಲಿ ಬರುತ್ತಾ ಸುಮಾರು 2000 ಎಂಇವಿ ಕಳೆದುಕೊಂಡರೂ ನೆಲ ಮುಟ್ಟಲು ಧಾರಾಳವಾಗಿ ಸಾಲುತ್ತದೆ. ಮ್ಯೂಆನ್ ಕಡೆಯಿಂದ ನೋಡಿದರೆ ಅದರ ಗಡಿಯಾರ ಸರಿಯಾಗಿಯೇ ಓಡುತ್ತಿದೆ, ನಮ್ಮ 15 ಕಿ.ಮೀ. ವಾತಾವರಣವೇ 300 ಮೀಟರಿಗಿಂತ ಕಡಿಮೆ ದಪ್ಪಕ್ಕೆ ಕುಗ್ಗಿದೆ. ಎರಡೂ ಒಂದೇ ಉತ್ತರ. ಇನ್ನೊಂದು ಮಾತು ಮಕ್ಕಳಿಗೆ ಖಂಡಿತ ಹೇಳಿ: 2.2 ಎಂಬುದು ಸರಾಸರಿ. ಹಲವು ಮ್ಯೂಆನ್‌ಗಳು ದಾರಿಯಲ್ಲೇ ಒಡೆದುಹೋಗುತ್ತವೆ.

ಎರಡನೆಯದಕ್ಕೆ ಉತ್ತರ, ಇಲ್ಲ. ತೊಗರಿ ಕಾಯಿ ಬಿಡಿಸಿದರೆ ಬರುವ ಕಾಳು ಒಳಗೇ ಇತ್ತು. ಎಲೆಕ್ಟ್ರಾನ್ ಹಾಗಲ್ಲ, ಒಡೆಯುವ ಕ್ಷಣದಲ್ಲಿ ಆ 106 ಎಂಇವಿಯಿಂದ ಹೊಸದಾಗಿ ಹುಟ್ಟುತ್ತದೆ. ಜೊತೆಗೆ ಎರಡು ನ್ಯೂಟ್ರಿನೊ (ವಿದ್ಯುತ್ ಚಾರ್ಜ್ ಇಲ್ಲದ, ತೀರಾ ಹಗುರವಾದ ಕಣ) ಕೂಡ. ನ್ಯೂಟ್ರಿನೊ ಕಣ್ಣಿಗೆ ಬೀಳದಿದ್ದರೂ ಎರಡಿವೆ ಎಂದು ಹೇಗೆ ತಿಳಿಯಿತು? ನಿಂತ ಮ್ಯೂಆನ್ ಎರಡೇ ಕಣವಾಗಿ ಒಡೆದರೆ ಎಲೆಕ್ಟ್ರಾನಿನ ಶಕ್ತಿ ಪ್ರತಿ ಸಲ ಒಂದೇ ಇರಬೇಕು. ಅಳೆದರೆ ಸೊನ್ನೆಯ ಹತ್ತಿರದಿಂದ ಸುಮಾರು 53 ಎಂಇವಿ ತನಕ ಎಲ್ಲ ಬೆಲೆಗಳೂ ಸಿಗುತ್ತವೆ. ಅಂದರೆ ಪಾಲು ಮೂರು ಜನರಿಗೆ. ನ್ಯೂಟ್ರಾನ್ ಕೂಡ ಹೀಗೆಯೇ, ಹೊರಗೆ ಒಂಟಿಯಾಗಿದ್ದರೆ ಸರಾಸರಿ 880 ಸೆಕೆಂಡಿಗೆ ಪ್ರೋಟಾನ್ ಆಗುತ್ತದೆ. ಸ್ಥಿರ ನ್ಯೂಕ್ಲಿಯಸ್ಸಿನೊಳಗೆ ಹಾಗೆ ಮಾರ್ಪಡಲು ಬೇಕಾದ ಶಕ್ತಿ ಉಳಿಯುವುದಿಲ್ಲ, ಹಾಗಾಗಿ ಒಡೆಯುವುದಿಲ್ಲ.

ಯಾದಗಿರಿ ವರ್ಕ್‌ಶಾಪ್:
ಡಬ್ಬಿ ಮಾತು ನಾ ಹೇಳ್ತೀನ್ರಿ. 70% ಅಂದ್ರ ಉಳಿದ 30% ನೀರು. ಅದು ಬೇಡ, 99% ಬೇಕು, ಲ್ಯಾಬ್ ಕೆಮಿಕಲ್ ಮಾರೋರ ಹತ್ರ ಕೇಳ್ರಿ. ಐಸ್-ಉಪ್ಪು ಎಷ್ಟೇ ಕಲಸಿದ್ರೂ ಮೈನಸ್ 21 ಡಿಗ್ರಿಗಿಂತ ತೆಳಗ ಇಳಿಯಂಗಿಲ್ಲ, ಅಷ್ಟರಾಗ ಗೆರಿ ಬರೋದು ಕಷ್ಟ. ಡ್ರೈ ಐಸ್ ಮೈನಸ್ 78 ಇರ್ತದ, ಅದೇ ಬೇಕು. ಮೊದಲೇ ತಂದಿಟ್ರ ಆವಿಯಾಗಿ ಹೋಗ್ತದ, ಕಾರ್ಯಕ್ರಮದ ದಿನಾನೇ ಥರ್ಮಾಕೋಲ್ ಪೆಟ್ಟಿಗಿಯಾಗ ತರಿಸ್ರಿ. ಮುಚ್ಚಳ ಬಿಗಿ ಮಾಡಬ್ಯಾಡ್ರಿ, ಒಳಗ ಗ್ಯಾಸ್ ತುಂಬಿ ಒಡೀತದ.

30×20×20 ಸೆಂ.ಮೀ. ಮೀನಿನ ಗಾಜಿನ ಪೆಟ್ಟಿಗಿ ಬೋರಲು ಹಾಕ್ರಿ. ಮ್ಯಾಲ ಬಂದ ತಳಕ್ಕ ಒಳಗಿನಿಂದ 1 ಸೆಂ.ಮೀ. ದಪ್ಪ ಫೆಲ್ಟ್ ಬಟ್ಟಿ ತಂತಿಲೆ ಅಥವಾ ಆಯಸ್ಕಾಂತಲೆ ಕಚ್ಚಿಸ್ರಿ. ಗಮ್ ಹಚ್ಚಬ್ಯಾಡ್ರಿ, ಆಲ್ಕೋಹಾಲಿಗೆ ಬಿಟ್ಟು ಬೀಳ್ತದ. ಆ ಬಟ್ಟಿಗೆ 40 ಮಿ.ಲೀ. ಆಲ್ಕೋಹಾಲ್ ಸಾಕು, ತೊಟ್ಟಿಕ್ಕಬಾರದು. ತೆಳಗ 3 ಮಿ.ಮೀ. ಅಲ್ಯುಮಿನಿಯಂ ತಗಡು, ಮ್ಯಾಲ ಕಪ್ಪು ಬಣ್ಣ. ಡ್ರೈ ಐಸ್ ಪುಡಿ ಮಾಡಿ ಸಮ ಹರವಿ ಅದರ ಮ್ಯಾಲ ತಗಡು ಒತ್ತಿ ಇಡ್ರಿ. ಗಡ್ಡಿ ಗಡ್ಡಿ ಇದ್ರ ತಗಡು ಅಲ್ಲಲ್ಲೇ ತಣ್ಣಗಾಗಿ ಉಳಿದ ಕಡಿ ಗೆರಿ ಬರಂಗಿಲ್ಲ. ಸುತ್ತ ಗಾಳಿ ಹೋಗದಂಗ ಫೋಮ್ ಪಟ್ಟಿ. 15 ನಿಮಿಷ ಬಿಟ್ಟು, ಕತ್ತಲಿ ಮಾಡಿ, ಟಾರ್ಚ್ ಬಗಲಿಲೆ ತಗಡಿಗೆ ಹತ್ತಿಕೊಂಡಂಗ ಹಚ್ರಿ. ಮ್ಯಾಲಿಂದ ಹಚ್ಚಿದ್ರ ಏನೂ ಕಾಣಂಗಿಲ್ಲ. ಮೊದಲ ಜಿಟಿಜಿಟಿ ಮಳಿ ಬೀಳ್ತದ, ಆಮ್ಯಾಲ ತಗಡಿನಿಂದ ಸುಮಾರು 1 ಸೆಂ.ಮೀ. ಎತ್ತರದ ತನಕ ಗೆರಿ ಮೂಡ್ತಾವ.

ಕೈಗೆ ದಪ್ಪ ಗ್ಲೌಸ್, ಕಿಟಕಿ ತೆರೆದು, ಬೆಂಕಿ ದೂರ. ಮಕ್ಕಳ ಕೈಗೆ ಡ್ರೈ ಐಸ್ ಕೊಡಬ್ಯಾಡ್ರಿ.

ಸೇಡಂ ಟೀಚರ್:
ಭಾಳ ಉಪಕಾರ ಆತ್ರಿ. ಯಾದಗಿರಿ ಜಿಲ್ಲೆಯ ಗೋಗಿ ಕಡೆ ಯುರೇನಿಯಂ ಅದ ಅಂತಾರಲ್ಲ, ಆ ಕಲ್ಲು ಇಟ್ರ ಗೆರಿ ಹೆಚ್ಚಾಗ್ತಾವೇನು? ಯಾವ ಗೆರಿ ಯಾವ ಕಣದ್ದು ಅಂತ ಹೆಂಗ ಹೇಳೋದು?

ಬೀದರ್ ಫಿಸಿಕ್ಸ್:
ಆ ಕಲ್ಲು ಬೇಡವೇ ಬೇಡ. ಅದಿರಿನ ಧೂಳು ಉಸಿರಿನಲ್ಲಿ ಹೋಗಬಾರದು, ಯುರೇನಿಯಂ ಅದಿರು ಸರ್ಕಾರದ ಕಾನೂನಿನ ನಿಯಂತ್ರಣಕ್ಕೂ ಬರುತ್ತದೆ. ಕೆಂಪು ತುದಿಯ ಟಿಗ್ ವೆಲ್ಡಿಂಗ್ ರಾಡಿನಲ್ಲಿ 2% ಥೋರಿಯಂ ಆಕ್ಸೈಡ್ ಇರುತ್ತದೆ, ಅದೂ ವಿಕಿರಣ ಸೂಸುತ್ತದೆ. ಬೇಕಿದ್ದರೆ ಒಂದನ್ನು ಹಾಗೆಯೇ ಇಡಿ, ಉಜ್ಜಬೇಡಿ, ಕತ್ತರಿಸಬೇಡಿ. ಏನೂ ಇಡದಿದ್ದರೂ ಕೋಣೆಯ ಗಾಳಿಯಲ್ಲಿರುವ ರೇಡಾನ್ ಎಂಬ ವಿಕಿರಣಶೀಲ ಅನಿಲದಿಂದ ಆಗೊಮ್ಮೆ ಈಗೊಮ್ಮೆ ದಪ್ಪ ಗೆರೆ ಬರುತ್ತದೆ.

ನಾಲ್ಕೈದು ಸೆಂ.ಮೀ. ಉದ್ದದ, ದಪ್ಪ, ಹತ್ತಿ ಬತ್ತಿಯಂತಹ ಗೆರೆ ಆಲ್ಫಾ ಕಣದ್ದು (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಕೂಡಿದ ಕಣ). ತೆಳ್ಳಗೆ, ಅಂಕುಡೊಂಕಾಗಿ ಅಲೆದದ್ದು ಕಡಿಮೆ ಶಕ್ತಿಯ ಎಲೆಕ್ಟ್ರಾನ್. ತೆಳ್ಳಗೆ ದಾರ ಎಳೆದಂತೆ ನೇರವಾಗಿದ್ದರೆ ಬಹುಪಾಲು ಮ್ಯೂಆನ್. ನೆಲದ ಮಟ್ಟದಲ್ಲಿ ಪ್ರತಿ ಚದರ ಸೆಂ.ಮೀ.ಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. ನಿಮ್ಮ ತಗಡು 600 ಚದರ ಸೆಂ.ಮೀ. ಅಂದಮೇಲೆ ನಿಮಿಷಕ್ಕೆ 600 ಗೆರೆ ಬರಬೇಕಲ್ಲ ಎಂದು ಮಕ್ಕಳು ಕೇಳುತ್ತಾರೆ. ಅಷ್ಟು ಕಾಣುವುದಿಲ್ಲ. ಹೆಚ್ಚಿನವು ಮೇಲಿಂದ ನೇರ ಇಳಿಯುತ್ತವೆ, ಗೆರೆ ಮೂಡುವ ಪದರ ಒಂದೇ ಸೆಂ.ಮೀ. ಹಾಗಾಗಿ ಅವು ಚಿಕ್ಕ ಚುಕ್ಕೆಯಷ್ಟೇ ಬಿಟ್ಟು ಹೋಗುತ್ತವೆ. ಉದ್ದಕ್ಕೆ ಕಂಡದ್ದು ತೀರಾ ಓರೆಯಾಗಿ ಬಂದದ್ದು, ಅಂಥವು ಕಡಿಮೆ. ಕಾಣುವುದು ಕಣವಲ್ಲ, ಅದು ಹಾದ ದಾರಿಯ ಅಯಾನುಗಳ (ವಿದ್ಯುತ್ ಚಾರ್ಜ್ ಪಡೆದ ಅಣುಗಳ) ಮೇಲೆ ಕೂತ ಆಲ್ಕೋಹಾಲ್ ಹನಿಗಳು. ಒಂದೆರಡು ಸೆಕೆಂಡಿನಲ್ಲಿ ಗೆರೆ ಬಾಗಿ ಕೆಳಗಿಳಿಯುತ್ತದೆ. ಆ ಬಾಗು ಗಾಳಿಯದ್ದು, ಕಣದ್ದಲ್ಲ.

ಯಾದಗಿರಿ ವರ್ಕ್‌ಶಾಪ್:
ಅರ್ಧ ತಾಸಿನ ಮ್ಯಾಲ ಗೆರಿ ಮಸುಕಾದ್ರ ಡಬ್ಬಿ ಬಿಚ್ಚಬ್ಯಾಡ್ರಿ. ಪ್ಲಾಸ್ಟಿಕ್ ಬಾಚಣಿಕಿ ತಲಿಗೂದಲಿಗೆ ತಿಕ್ಕಿ ಗಾಜಿನ ಹೊರಗ ಹಿಡೀರಿ, ಹಳೇ ಅಯಾನು ಸರಿದು ಸ್ವಚ್ಛ ಆಗ್ತದ. ಆದ್ರೂ ಬರಲಿಲ್ಲಂದ್ರ ಫೆಲ್ಟ್ ಒಣಗಿರ್ತದ, 10 ಮಿ.ಲೀ. ಹಾಕ್ರಿ.