ಮೊದಲ 60 ಅಡಿಯಲ್ಲೇ ಇದೆ ಕಥೆಯೆಲ್ಲ

ಪುಟ್ಟ, ನೀನು ರಾತ್ರಿ ಗ್ರೂಪಿಗೆ ಹಾಕಿದ ವಿಡಿಯೋ, ಟೈಮ್ ಸ್ಲಿಪ್ಪು (ಓಟ ಮುಗಿದ ಮೇಲೆ ಕೊಡುವ ಸಮಯದ ಚೀಟಿ) ಎರಡೂ ನೋಡಿದೆ. ಸೊನೋಮಾ ರೇಸ್‌ವೇಯ ಬುಧವಾರದ ಡ್ರ್ಯಾಗ್ಸ್‌ಗೆ, ಅದೇ ಇಬ್ಬರು ಅಕ್ಕಪಕ್ಕ ನಿಂತು ಕಾಲು ಮೈಲಿ ನೇರ ಓಡಿಸುವ ರೇಸಿಗೆ, ಅಂತೂ ಹೋಗಿಬಂದೆಯಲ್ಲ, ಖುಷಿಯಾಯ್ತು. "ಅಕ್ಕ, 435 ಹಾರ್ಸ್‌ಪವರ್ ಮಸ್ಟ್ಯಾಂಗ್ ಇಟ್ಟುಕೊಂಡು ಒಂದು ಹಳೇ ಸಿವಿಕ್ ಎದುರು ಸೋತೆ, ಟ್ಯೂನ್ ಮಾಡಿಸ್ಲಾ, ಟೈರ್ ಬದಲಾಯಿಸ್ಲಾ?" ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಕೂತು ಓದು. ಉಳಿದವರಿಗೆ ಬೇಜಾರಾದರೆ ಮುಂದಿನ ಮೆಸೇಜಿಗೆ ಹೋಗಿ, ಚಿಕ್ಕಮ್ಮನಿಗೆ ಬೇಕಾದ ಮಾತೂ ನಡುವೆ ಒಂದೆರಡು ಇದೆ.

ಮೊದಲು ಸ್ಲಿಪ್ ಓದೋಣ. ನೀನು ಕೆಳಗಿನ ಸಾಲು ಒಂದನ್ನೇ ನೋಡಿ ತಲೆ ಕೆಡಿಸಿಕೊಂಡಿದ್ದೀಯ. ನಿನ್ನ ಸಮಯ 13.71 ಸೆಕೆಂಡ್, ಸಿವಿಕ್‌ನದು 14.20. ಅಂದರೆ ಓಟದಲ್ಲಿ ನಿನ್ನ ಗಾಡಿಯೇ ಫಾಸ್ಟು! ಆದರೆ ಮೇಲಿನ ಸಾಲು ನೋಡು. ನಿನ್ನ ರಿಯಾಕ್ಷನ್ 0.912, ಅವನದು 0.128. ಎರಡನ್ನೂ ಕೂಡಿಸು. ನಿನ್ನದು 14.62, ಅವನದು 14.33. ಅಷ್ಟೇ ವಿಷಯ. ಹಸಿರು ಬಿದ್ದ ಮೇಲೆ ನೀನು ಹೆಚ್ಚುಕಡಿಮೆ ಒಂದು ಸೆಕೆಂಡ್ ಅಲ್ಲೇ ನಿಂತಿದ್ದೆ.

ಈ ಎರಡು ಗಡಿಯಾರ ಬೇರೆ ಬೇರೆ, ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ರಿಯಾಕ್ಷನ್ ಗಡಿಯಾರ ಹಸಿರು ಲೈಟಿನ ಜೊತೆ ಶುರುವಾಗುತ್ತದೆ. ಓಟದ ಗಡಿಯಾರ ಶುರುವಾಗುವುದು ನಿನ್ನ ಮುಂದಿನ ಟೈರು ಸ್ಟೇಜ್ ಕಿರಣದಿಂದ (ಹೊರಡುವ ಗೆರೆಗೆ ಅಡ್ಡಲಾಗಿ ಹಾಯುವ ಬೆಳಕಿನ ಕಿರಣ) ಆಚೆ ಹೋದಾಗ. ಹಸಿರು ಬಿದ್ದ ಮೇಲೆ ನೀನು ಅಲ್ಲೇ ಕೂತು ಫೋನ್ ನೋಡಿ ಆಮೇಲೆ ಹೊರಟರೂ 13.71 ಹಾಗೇ ಬರುತ್ತದೆ. ಬರೀ ಗಾಡಿಯ ಟೈಮ್ ಬೇಕೆಂದರೆ ರಿಯಾಕ್ಷನ್ ಬಗ್ಗೆ ಚಿಂತೆ ಬೇಡ. ಪಕ್ಕದವನನ್ನು ಸೋಲಿಸಬೇಕೆಂದರೆ ಬೇಕು. ಕಲಿಯುವಾಗ ಎರಡನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡ, ಎರಡೂ ಕೈಗೆ ಸಿಗುವುದಿಲ್ಲ.

ಈಗ ನನ್ನ ಕಣ್ಣಿಗೆ ಬಿದ್ದ ಸಾಲು. 60 ಅಡಿ: 2.38. ಅಂದರೆ ಮೊದಲ ಹದಿನೆಂಟು ಮೀಟರಿಗೆ 2.38 ಸೆಕೆಂಡ್. ಮಸ್ಟ್ಯಾಂಗ್ ಜಿಟಿಗೆ ಇದು ಜಾಸ್ತಿಯೇ ಆಯ್ತು. ಕೊನೆಯಲ್ಲಿ ನಿನ್ನ ವೇಗ ಗಂಟೆಗೆ 109 ಮೈಲಿ, ಅದು ಚೆನ್ನಾಗೇ ಇದೆ. ಕೊನೆಯ ವೇಗ ಇಂಜಿನ್ನಿನ ಕಥೆ ಹೇಳುತ್ತದೆ, 60 ಅಡಿ ನಿನ್ನ ಕಾಲಿನ ಕಥೆ ಹೇಳುತ್ತದೆ. ಇಂಜಿನ್ ತನ್ನ ಕೆಲಸ ಮಾಡುತ್ತಿದೆ, ಹಾಗಾಗಿ ಟ್ಯೂನಿಗೆ ಸದ್ಯಕ್ಕೆ ಒಂದು ಡಾಲರೂ ಹಾಕಬೇಡ. 60 ಅಡಿಯಲ್ಲಿ ಉಳಿಸಿದ 0.1 ಸೆಕೆಂಡ್, ಕ್ವಾರ್ಟರ್ ಮೈಲಿಯ ಕೊನೆಗೆ 0.15ರಿಂದ 0.2ರವರೆಗೆ ಬೆಳೆಯುತ್ತದೆ ಎಂದು ಇಲ್ಲಿನವರ ಲೆಕ್ಕ. ಯಾಕೆಂದರೆ ಬೇಗ ಹಿಡಿದ ವೇಗ ಮುಂದಿನ 1,260 ಅಡಿಯೂ ನಿನ್ನ ಜೊತೆಗೇ ಬರುತ್ತದೆ. 2.38ನ್ನು 2.05ಕ್ಕೆ ತಂದರೆ 13.2ರ ಆಸುಪಾಸು ಬಂದೇ ಬರುತ್ತೀಯ. ಅದೇ ಗಾಡಿ, ಅದೇ ಟೈರು.

ಇನ್ನು ವಿಡಿಯೋ. ಲೈನ್ ಲಾಕ್ ಹಾಕಿ (ಮುಂದಿನ ಬ್ರೇಕು ಮಾತ್ರ ಹಿಡಿದಿಟ್ಟು), ಹಿಂದಿನ ಟೈರು ನಿಂತಲ್ಲೇ ತಿರುಗಿಸಿ ನೀನು ಹೊಗೆ ಎಬ್ಬಿಸಿದ್ದಕ್ಕೆ ಗ್ರೂಪಿನಲ್ಲಿ ಎಲ್ಲರೂ ಚಪ್ಪಾಳೆ ಹಾಕಿದ್ದಾರೆ. ನಾನು ಹಾಕಲಿಲ್ಲ, ಗಮನಿಸಿರುತ್ತೀಯ! ಅಷ್ಟು ಬರ್ನ್‌ಔಟ್ ಬೇಕಾಗುವುದು ಡ್ರ್ಯಾಗ್ ರೇಡಿಯಲ್ಲು, ಸ್ಲಿಕ್ಕು ಎನ್ನುವ ರೇಸ್ ಟೈರು ಹಾಕಿದವರಿಗೆ. ಆ ರಬ್ಬರು ಬಿಸಿಯಾದರೆ ಅಂಟುತ್ತದೆ. ನಿನ್ನದು ರಸ್ತೆ ಟೈರು. ಅದು ಅತಿಯಾಗಿ ಬಿಸಿಯಾದರೆ ಜಿಡ್ಡು ಜಿಡ್ಡಾಗಿ ಇನ್ನೂ ಜಾರುತ್ತದೆ. ಅದಕ್ಕಿಂತ ಮೊದಲು ನೀನು ನೀರು ಹಾಕಿದ ಜಾಗದ ನಟ್ಟನಡುವೆ ಹೋದೆ. ರಸ್ತೆ ಟೈರಿನ ಗೆರೆಗಳಲ್ಲಿ ಆ ನೀರು ತುಂಬಿಕೊಂಡು, ನೀನು ನಿಲ್ಲುವ ಜಾಗಕ್ಕೇ ಬಂದು ತೊಟ್ಟಿಕ್ಕುತ್ತದೆ. ನೀರಿನ ಪಕ್ಕದಿಂದ ಸುತ್ತಿಕೊಂಡು ಹೋಗು. ಆಮೇಲೆ ಒಂದೇ ಒಂದು ಸಣ್ಣ ಸ್ಪಿನ್, ಧೂಳು ಕಲ್ಲು ಉದುರುವಷ್ಟು. ಸಾಕು. ಹಾಂ, ಸಾಲಿನಲ್ಲಿ ನಿಲ್ಲುವಾಗಲೇ ಎಸಿ ಆಫ್ ಮಾಡು. ಅದರ ನೀರೂ ಟ್ರ್ಯಾಕ್ ಮೇಲೆ ಬೀಳುತ್ತದೆ, ಹಿಂದಿನವರು ಬೈಯುತ್ತಾರೆ.

ಲೈನಿನ ಹತ್ತಿರ ರಸ್ತೆಯ ಮೇಲೆ ಎರಡು ಕಪ್ಪು ಪಟ್ಟಿ ಕಾಣಿಸುತ್ತದಲ್ಲ, ಅದು ಸುಮ್ನೆ ಟೈರಿನ ಗುರುತಲ್ಲ. ಅಂಟು ದ್ರಾವಣ ಹೊಡೆದು, ಅದರ ಮೇಲೆ ರಬ್ಬರು ಕೂತು ಆದ ಪದರ ಅದು. ಸ್ನೇಹಿತೆಯ ಗಾಡಿ ನಿಲ್ಲಿಸಲು ಸಹಾಯಕ್ಕೆಂದು ನಾನು ಅದರ ಮೇಲೆ ನಡೆದಾಗ ಶೂ ಪ್ರತಿ ಹೆಜ್ಜೆಗೂ ಚರ್ ಚರ್ ಎಂದು ಕಿತ್ತು ಬರುತ್ತಿತ್ತು, ಲೇಸ್ ಸಡಿಲ ಇದ್ದಿದ್ದರೆ ಶೂ ಅಲ್ಲೇ ಉಳಿಯುತ್ತಿತ್ತು. ನಿನ್ನ ಎರಡು ಹಿಂದಿನ ಟೈರೂ ಆ ಪಟ್ಟಿಯ ಮೇಲೇ ಇರಬೇಕು. ವಿಡಿಯೋದಲ್ಲಿ ನೀನು ಒಂದಡಿ ಎಡಕ್ಕೆ ನಿಂತಿದ್ದೀಯ. ಒಂದು ಟೈರು ಅಂಟಿನ ಮೇಲೆ, ಇನ್ನೊಂದು ಬರೀ ಕಾಂಕ್ರೀಟ್ ಮೇಲೆ. ಬಾಲ ಅಲ್ಲಾಡದೆ ಇನ್ನೇನಾಗುತ್ತದೆ?

ನಿಲ್ಲುವ ಕ್ರಮವನ್ನು ಚೆನ್ನಾಗಿ ಕಲಿತುಕೊ. ಎದುರಿಗಿರುವ ಲೈಟಿನ ಕಂಬದ (ಇದನ್ನೇ ಟ್ರೀ ಎನ್ನುವುದು) ಮೇಲ್ಗಡೆ ಮೊದಲು ಪ್ರೀ-ಸ್ಟೇಜ್ ಲೈಟು. ಅಲ್ಲಿಂದ ಏಳು ಇಂಚು ಮುಂದೆ ಹೋದರೆ ಸ್ಟೇಜ್ ಲೈಟು. ಏಳೇ ಇಂಚು! ಕ್ಲಚ್ಚಿನಲ್ಲಿ ಗಾಡಿಯನ್ನು ಇಂಚಿಂಚೇ ತಳ್ಳು. ಎರಡನೇ ಲೈಟು ಮಿಣುಕಿ ಹತ್ತಿದ ತಕ್ಷಣ ನಿಲ್ಲಿಸು. ಇನ್ನೂ ಮುಂದೆ ಹೋಗಬೇಡ. ಹಾಗೆ ಅಂಚಿನಲ್ಲಿ ನಿಂತರೆ, ಟೈರು ಕಿರಣ ದಾಟುವಷ್ಟರಲ್ಲಿ ಗಾಡಿ ಆಗಲೇ ಉರುಳಲು ಶುರುಮಾಡಿರುತ್ತದೆ, ಓಟದ ಗಡಿಯಾರ ಆಮೇಲೆ ಶುರುವಾಗುತ್ತದೆ. 60 ಅಡಿಯ ಸಮಯಕ್ಕೆ ಇದು ಪುಕ್ಕಟೆ ಲಾಭ. ಒಳಗೆ ಹೋಗಿ ನಿಂತರೆ ರಿಯಾಕ್ಷನ್ ಚೆನ್ನಾಗಿ ಕಾಣಿಸುತ್ತದೆ, ಓಟದ ಸಮಯ ಕೆಡುತ್ತದೆ. ಗಾಡಿ ಹಿಂದೆ ಮುಂದೆ ಉರುಳುತ್ತಿದ್ದರೆ ಹ್ಯಾಂಡ್‌ಬ್ರೇಕಿನಲ್ಲಿ ಹಿಡಿದುಕೊ. ಇನ್ನೊಂದು ಮರ್ಯಾದೆಯ ವಿಷಯ. ಪಕ್ಕದವನೂ ಪ್ರೀ-ಸ್ಟೇಜ್ ಲೈಟಿಗೆ ಬರುವವರೆಗೆ ನೀನು ಸ್ಟೇಜ್‌ಗೆ ಹೋಗಬೇಡ. ಸಿವಿಕ್‌ನವನು ನಿನಗಾಗಿ ಕಾದಿದ್ದ, ನೋಡಿದೆಯಾ?

ಈಗ ಕ್ಲಚ್ಚು. ಮುಖ್ಯ ವಿಷಯ ಇದೇ.

ನೀನು ಲಾಂಚ್ ಕಂಟ್ರೋಲನ್ನು 4,500 ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎನ್ನುವ ಲೆಕ್ಕ) ಇಟ್ಟು, ಕ್ಲಚ್ಚಿನಿಂದ ಕಾಲನ್ನು ಒಮ್ಮೆಗೇ ಕಿತ್ತಿದ್ದೀಯ. ಸೌಂಡು ಭರ್ಜರಿಯಾಗಿದೆ, ಗಾಡಿ ಮಾತ್ರ ನಿಂತಲ್ಲೇ ಇದೆ. ರಸ್ತೆ ಟೈರಿಗೆ ಅಷ್ಟು ಶಕ್ತಿ ಹಿಡಿಯಲು ಆಗುವುದಿಲ್ಲ. ಲಾಂಚ್ ಕಂಟ್ರೋಲ್ ಎನ್ನುವುದು ನೀನು ಹೇಳಿದ ಆರ್‌ಪಿಎಂ ಹಿಡಿದುಕೊಳ್ಳುತ್ತದೆ, ಎಷ್ಟು ಇಡಬೇಕೆಂದು ಅದಕ್ಕೆ ಗೊತ್ತಿಲ್ಲ. ಅದನ್ನು ಆಫ್ ಮಾಡು, ಬಲಗಾಲಿನಲ್ಲೇ 2,500ಕ್ಕೆ ಹಿಡಿ. ಎಡಗಾಲನ್ನು ಕ್ಲಚ್ ಹಿಡಿಯುವ ಜಾಗದವರೆಗೆ ಬೇಗ ತಾ. ಅಲ್ಲಿ ಒಂದು ಚಿಟಿಕೆ ಹೊತ್ತು ತಡೆ. ಗಾಡಿ ಒಂದೂವರೆ, ಎರಡು ಗಾಡಿಯ ಉದ್ದ ಮುಂದೆ ಹೋಗುವವರೆಗೆ ಹಾಫ್ ಕ್ಲಚ್ಚಿನಲ್ಲಿ ಜಾರಿಸಿ, ಆಮೇಲೆ ಪೂರ್ತಿ ಬಿಡು. ಬಲಗಾಲು ಅದರ ಜೊತೆಗೇ ಒತ್ತುತ್ತಾ ಹೋಗಲಿ. ಒದೆಯಬಾರದು, ಹಿಂಡಬೇಕು. ಟೈರು ನೆಲ ಹಿಡಿದದ್ದು ಕುಂಡಿಗೆ ಗೊತ್ತಾಗುತ್ತದೆ (ಚಿಕ್ಕಮ್ಮ, ಕ್ಷಮಿಸಿ, ಬೇರೆ ಹೇಗೆ ಹೇಳಲಿ!). ಸೀಟು ಬೆನ್ನಿಗೆ ಒತ್ತಿದಾಗ ಪೂರ್ತಿ ತುಳಿ.

ಹಿಂದಿನ ಚಕ್ರದಿಂದ ಓಡುವ ನಿನ್ನಂಥ ಗಾಡಿಗೆ ಇನ್ನೊಂದು ಕಾರಣಕ್ಕೂ ಈ ನಿಧಾನ ಬೇಕು. ಗಾಡಿ ಹೊರಟಾಗ ಮೂತಿ ಮೇಲೆದ್ದು ತೂಕ ಹಿಂದಕ್ಕೆ ಬರುತ್ತದೆ, ಹಿಂದಿನ ಟೈರಿಗೆ ಹಿಡಿತ ಹೆಚ್ಚುತ್ತದೆ. ಅದಕ್ಕೆ ಒಂದು ಕ್ಷಣ ಬೇಕು. ತೂಕ ಬರುವ ಮೊದಲೇ ನೀನು ಸ್ಪಿನ್ ಮಾಡಿಸಿಬಿಟ್ಟರೆ ಆ ಹಿಡಿತ ಸಿಗುವುದೇ ಇಲ್ಲ. ಸಿವಿಕ್‌ಗೆ ಇದೇ ಉಲ್ಟಾ, ಅದನ್ನು ಓಡಿಸುವುದು ಮುಂದಿನ ಚಕ್ರ, ಅಲ್ಲಿಂದಲೇ ತೂಕ ಹೋಗುತ್ತದೆ. ಅಂಥ ಗಾಡಿಯಲ್ಲೂ ಅವನು ಅಷ್ಟು ಚೆನ್ನಾಗಿ ಹೊರಟನೆಂದರೆ ಆ ಹುಡುಗನ ಕಾಲಿಗೆ ಅಭ್ಯಾಸ ಇದೆ. ಮುಂದಿನ ಸಲ ಹೋಗಿ ಮಾತಾಡಿಸು, ನನಗಿಂತ ಚೆನ್ನಾಗಿ ಹೇಳಿಕೊಡುತ್ತಾನೆ.

ಎರಡು ತಪ್ಪನ್ನು ಕಿವಿಯಲ್ಲೇ ಬೇರೆ ಮಾಡಬಹುದು. ಇಂಜಿನ್ ಸೌಂಡು ದಿಢೀರನೆ ಮೇಲೆ ಹೋಗಿ ಗಾಡಿ ಹಿಂದೆ ಉಳಿದರೆ ಅದು ಸ್ಪಿನ್. ಮುಂದಿನ ಓಟಕ್ಕೆ ಆರ್‌ಪಿಎಂ ಇಳಿಸು, ಇಲ್ಲಾ ಕ್ಲಚ್ ಇನ್ನೂ ನಿಧಾನ ಬಿಡು. ಸೌಂಡು ಕುಸಿದು, ಗಾಡಿ ಗುರ್ ಎಂದು ಉಸಿರುಗಟ್ಟಿದ ಹಾಗೆ ಆದರೆ ಆರ್‌ಪಿಎಂ ಕಡಿಮೆಯಾಯಿತು ಅಂತ. ಮುಂದಿನ ಸಲ ಒಂದು 300 ಏರಿಸು. ಹಿಂದಿನ ಚಕ್ರ ದಡ ದಡ ಎಂದು ಕುಪ್ಪಳಿಸಿದರೆ ಮಾತ್ರ ಯೋಚನೆಯೇ ಬೇಡ, ಆಕ್ಸಿಲರೇಟರ್ ತಕ್ಷಣ ಬಿಡು. ಹಾಗೇ ತುಳಿದುಕೊಂಡಿದ್ದವರ ಆಕ್ಸಲ್ ಮುರಿದು ಗಾಡಿ ಟೋ ಟ್ರಕ್ಕಿನಲ್ಲಿ ಹೋಗುತ್ತದೆ. ಡ್ರ್ಯಾಗ್ ರೇಡಿಯಲ್ ಈಗಲೇ ಬೇಡ ಎನ್ನುವುದೂ ಇದಕ್ಕೇ. ಟೈರು ಜಾರದಿದ್ದರೆ ಆ ಏಟೆಲ್ಲ ಕ್ಲಚ್ಚಿಗೆ, ಆಕ್ಸಲ್ಲಿಗೆ ಬೀಳುತ್ತದೆ. ಕಾಲು ಹದಕ್ಕೆ ಬಂದ ಮೇಲೆ ಟೈರು ಹಾಕಿಸು.

ಒಂದು ಓಟಕ್ಕೆ ಒಂದೇ ಬದಲಾವಣೆ. ಗಾಳಿಯನ್ನೂ ಇಳಿಸಿ, ಆರ್‌ಪಿಎಂ ಅನ್ನೂ ಏರಿಸಿ, ಸಮಯ ಸುಧಾರಿಸಿದರೆ ಯಾವುದರಿಂದ ಅಂತ ಹೇಗೆ ಹೇಳುತ್ತೀಯ? ಪ್ರತಿ ಸ್ಲಿಪ್ಪಿನ ಹಿಂದೆ ಆರ್‌ಪಿಎಂ, ಟೈರಿನ ಗಾಳಿ, ಯಾವ ಲೇನು, ಸ್ಪಿನ್ ಆಯಿತಾ ಉಸಿರುಗಟ್ಟಿತಾ ಅಂತ ಆಗಲೇ ಬರೆದಿಡು. ಹಿಂದಿನ ಟೈರಿನ ಗಾಳಿ 32 ಪಿಎಸ್‌ಐ ಇದ್ದರೆ 28ಕ್ಕೆ ಇಳಿಸಿ ನೋಡು. ವಾಪಸ್ ಫ್ರೀವೇ ಹತ್ತುವ ಮೊದಲು ಮರೆಯದೆ ತುಂಬಿಸು. ಎರಡು ಓಟದ ನಡುವೆ ಕ್ಲಚ್ ತಣ್ಣಗಾಗಲಿ. ಸುಟ್ಟ ವಾಸನೆ ಬಂದರೆ ಒಂದು ಸರದಿ ಬಿಟ್ಟುಬಿಡು. ಕತ್ತಲಾದಂತೆ ಗಾಳಿ ತಣ್ಣಗಾಗಿ ಇಂಜಿನ್ ಚುರುಕಾಗುತ್ತದೆ, ಟ್ರ್ಯಾಕಿನ ಬಿಸಿಯೂ ಬದಲಾಗುತ್ತದೆ. ಸಂಜೆಯ ಸ್ಲಿಪ್ಪನ್ನು ರಾತ್ರಿಯದರ ಜೊತೆ ಹೋಲಿಸುವಾಗ ಅದು ನೆನಪಿರಲಿ.

ಇನ್ನು ಲೈಟು. ಮೂರು ಹಳದಿ ಅರ್ಧರ್ಧ ಸೆಕೆಂಡಿಗೆ ಒಂದರಂತೆ ಹತ್ತುತ್ತವೆ, ಮೂರನೆಯದಾದ ಅರ್ಧ ಸೆಕೆಂಡಿಗೆ ಹಸಿರು. ನೀನು ಹಸಿರು ನೋಡಿ ಹೊರಡುತ್ತಿದ್ದೀಯ, ಅದೂ ಪಕ್ಕದವನ ಕಡೆ ಒಮ್ಮೆ ನೋಡಿ! ಮೂರನೇ ಹಳದಿ ಕಂಡಾಗಲೇ ಹೊರಡಬೇಕು. ನಿನ್ನ ಕಣ್ಣು, ಕಾಲು, ಗಾಡಿ ಎಲ್ಲ ಅಲುಗಾಡುವಷ್ಟರಲ್ಲಿ ಹಸಿರು ಬಂದಿರುತ್ತದೆ. ಬೇಗ ಹೋದರೆ ಕೆಂಪು ಬೀಳುತ್ತದೆ. ಬೀಳಲಿ ಬಿಡು, ಕಲಿಯುವ ರಾತ್ರಿಯಲ್ಲಿ ಕೆಂಪಿಗೆ ಯಾರೂ ಏನೂ ಅನ್ನುವುದಿಲ್ಲ. ಫೋನಿನಲ್ಲಿ ಪ್ರಾಕ್ಟೀಸ್ ಟ್ರೀ ಆ್ಯಪ್‌ಗಳು ಸಿಗುತ್ತವೆ, ಸೋಫಾ ಮೇಲೆ ಕೂತು ಒತ್ತುತ್ತಾ ಇರು.

ಆದರೆ ರಸ್ತೆಯಲ್ಲಿ ಅಭ್ಯಾಸ ಮಾಡುವ ಯೋಚನೆ ಬೇಡವೇ ಬೇಡ. ಕ್ಯಾಲಿಫೋರ್ನಿಯಾದಲ್ಲಿ ರಸ್ತೆ ರೇಸಿಗೆ ಸಿಕ್ಕಿಬಿದ್ದರೆ ಪೊಲೀಸರು ಗಾಡಿಯನ್ನು 30 ದಿನ ಹಿಡಿದಿಡಬಹುದು. ಚಿಕ್ಕಮ್ಮ, ನಿಮ್ಮ ಭಯಕ್ಕೆ ಉತ್ತರ ಇದೇ. ಟ್ರ್ಯಾಕಿನಲ್ಲಿ ಎದುರಿಗೆ ಬರುವವರಿಲ್ಲ, ಆಂಬುಲೆನ್ಸ್ ಇರುತ್ತದೆ, ಗಾಡಿ ಪರೀಕ್ಷೆ ಮಾಡಿಯೇ ಬಿಡುತ್ತಾರೆ. ಎನ್‌ಎಚ್‌ಆರ್‌ಎ (ಇಲ್ಲಿನ ಡ್ರ್ಯಾಗ್ ರೇಸ್ ಸಂಸ್ಥೆ) ನಿಯಮದ ಪ್ರಕಾರ 13.99 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡುವ ಗಾಡಿಗೆ ಹೆಲ್ಮೆಟ್ ಕಡ್ಡಾಯ. ಪುಟ್ಟ, ನಿನ್ನದು 13.71. ಬಾಡಿಗೆ ಹೆಲ್ಮೆಟ್ ಸಾಕು ಅನ್ನಬೇಡ, ಸ್ನೆಲ್ ಎನ್ನುವ ಸುರಕ್ಷತಾ ಗುರುತಿನದು ಒಂದು ಸ್ವಂತಕ್ಕೆ ತಗೊ. ಟ್ಯೂನಿನ ದುಡ್ಡು ಉಳಿಸಿಕೊಟ್ಟೆನಲ್ಲ, ಅದರಲ್ಲೇ ಬರುತ್ತದೆ. ಮಾವ ಕೇಳಿದ್ದಾರೆ, "ಇದೆಲ್ಲ ನಮ್ಮವರಿಗೆ ಯಾಕಪ್ಪ" ಅಂತ. ಮಾವ, ಬೈಕ್ ಡ್ರ್ಯಾಗ್ ರೇಸಿಂಗ್‌ನಲ್ಲಿ ಮತ್ತೆ ಮತ್ತೆ ನ್ಯಾಷನಲ್ ಚಾಂಪಿಯನ್ ಆದ ಹೇಮಂತ್ ಮುದ್ದಪ್ಪ ನಮ್ಮ ಬೆಂಗಳೂರಿನವರೇ!

ನನ್ನದು 16 ಸೆಕೆಂಡಿನ ಪುಟ್ಟ ಮಿಯಾಟಾ ಕಾರು ಅಂತ ನೀವೆಲ್ಲ ನಗುತ್ತೀರಿ. ನಗಿ. ಬ್ರ್ಯಾಕೆಟ್ ರೇಸಿನಲ್ಲಿ ಗಾಡಿ ಎಷ್ಟು ಸೆಕೆಂಡಿಗೆ ಓಡುತ್ತದೆ ಅಂತ ಮೊದಲೇ ಬರೆದುಕೊಡುತ್ತೇವೆ, ನಿಧಾನದ ಗಾಡಿಗೆ ಹಸಿರು ಮೊದಲು ಬೀಳುತ್ತದೆ. ಪ್ರತಿ ಸಲ ಒಂದೇ ಥರ ಹೊರಡಲು ಬಂದರೆ ಮಿಯಾಟಾವೂ ಮಸ್ಟ್ಯಾಂಗನ್ನು ಸೋಲಿಸುತ್ತದೆ. ನಿನಗೆ ಅದರಲ್ಲೇ ಜಾಸ್ತಿ ಮಜಾ ಬರುತ್ತದೆ ಅಂತ ನನಗನಿಸುತ್ತದೆ, ಆಮೇಲೆ ನೋಡೋಣ.

ಮುಂದಿನ ಬುಧವಾರ ನಾನೂ ಬರುತ್ತೇನೆ. ಪ್ರೆಷರ್ ಗೇಜು, ಸಣ್ಣ ಕಂಪ್ರೆಸರ್ ನನ್ನ ಹತ್ತಿರ ಇದೆ. ನೀನು ಪೆನ್ನು, ಹೆಲ್ಮೆಟ್ಟು ತಾ. ಡಿಕ್ಕಿಯಲ್ಲಿರುವ ಸಾಮಾನೆಲ್ಲ ಮನೆಯಲ್ಲೇ ಇಳಿಸಿ ಬಾ, ವಿಡಿಯೋದಲ್ಲಿ ಹಿಂದೆ ಅಕ್ಕಿ ಮೂಟೆ ಕಾಣಿಸಿತು. ಮೊದಲ ಓಟ 2,500ರಲ್ಲಿ, ಕೊನೆಯ ಸಾಲು ನೋಡುವಂತಿಲ್ಲ, ಬರೀ 60 ಅಡಿ. ಚಿಕ್ಕಮ್ಮ, ಇವನಿಗೆ ಕೊಟ್ಟ ಚಕ್ಕುಲಿ ಡಬ್ಬಿಯಲ್ಲಿ ನನ್ನ ಪಾಲೂ ಇದೆ ಅಂತ ಒಂದು ಮಾತು ಹೇಳಿಬಿಡಿ.